ಹೊಂಡಕ್ಕ ಶುಗರ್ ಇಲ್ಲಂತ

"ರಿಪೋರ್ಟ್ ಬಂತು," ಅಂತ ಹೇಳಿ ಮಲ್ಲಣ್ಣ ಕಾಕಾ ಧಪ್ ಅಂತ ಬೆಂಚಿನ ಮ್ಯಾಲ ಕುಂತ. ಮಾರಿ ಒಣಗಿದ ಹುಣಸಿಹಣ್ಣಾಗಿತ್ತು.

ನಮ್ಮ ಎದಿ ಧಸಕ್ಕಂತು. ಹೋದ ತಿಂಗಳ ಕಾಕಾನ ಶುಗರ್ 280 ಬಂದಿತ್ತು. ಡಾಕ್ಟರ್ ಚೀಟಿ ತುಂಬ ಗುಳಗಿ ಬರದು, ಹದಿನೈದು ದಿನ ಬಿಟ್ಟು ಮತ್ತ ರಕ್ತ ತಪಾಸ್ ಮಾಡಿಸ್ಕೊಂಡು ಬಾ ಅಂದಿದ್ರು. ಬಸ್ಯಾ ಕೈಯಾಗಿನ ಚಹಾದ ಕಪ್ಪು ಕೆಳಗಿಟ್ಟ.

"ಎಷ್ಟ್ ಬಂದೈತಿ ಕಾಕಾ? ಊಟಕ್ಕಿಂತ ಮೊದಲಿಂದೋ, ಆಮ್ಯಾಲಿಂದೋ?"

"ಊಟದ್ದೇನಿಲ್ಲಲೇ. ಗಡಸುತನ 640 ಐತಂತ."

ಬಸ್ಯಾ ಮಾಸ್ತರ್ ಮಾರಿ ನೋಡಿದ. ಮಾಸ್ತರ್ ಆಕಾಶ ನೋಡಿದ್ರು. "ಈ ವಯಸ್ಸಿನ್ಯಾಗ..." ಅಂತ ಇಮಾಮಸಾಬ್ ಮಾಮಾ ಶುರು ಮಾಡಿ ಅರ್ಧಕ್ಕ ನಿಲ್ಲಿಸಿದ.

"ನಂದಲ್ರೋ! ನೀರಿಂದು! ಮನಿ ಸ್ವಿಮ್ಮಿಂಗ್ ಪೂಲ್ ತುಂಬಸಬೇಕಲಾ, ಮೊದಲ ಟ್ಯಾಂಕರಿನ ಬೋರ್ ನೀರ ಟೆಸ್ಟ್ ಮಾಡ್ಸಂತ ಅದನ್ನ ಕಟ್ಟಿದ ಆ ಬೆಳಗಾವಿಯಂವ ಹೇಳಿದ್ದ. 200ರಿಂದ 400 ಇರಬೇಕಂತ. ನಮ್ದು 640."

"ಮತ್ತ ನಿನ್ನ ರಕ್ತದ ರಿಪೋರ್ಟು?" ಅಂದ್ನಿ ನಾ.

"ಅದಕ್ಕೇನ್ ಅವಸರ ಐತೋ ಶಂಕ್ರ್ಯಾ?"

"ಹಂಗಲ್ಲ ಕಾಕಾ. ಹೊಂಡ ಕೆಟ್ರ ಖಾಲಿ ಮಾಡಿ ಮತ್ತ ತುಂಬಸಾಕ ಬರ್ತೈತಿ. ನಿನ್ನ ಖಾಲಿ ಮಾಡಿದ್ರ ತುಂಬಸವ್ರು ಯಾರೂ ಇಲ್ಲ."

"ಹೊಂಡ ಅನಬ್ಯಾಡ. ಪೂಲ್ ಅನ್ನು."

"ಪೂಲ್ ಅಂದ್ರ ನಮ್ಮ ಕಡೆ ಹೊಳಿ ಮ್ಯಾಲ ಇರ್ತೈತಿ," ಅಂದ್ರು ಮಾಸ್ತರ್. "ಬಸ್ಸು, ಲಾರಿ ದಾಟತಾವು. ನಿಂದು ಯಾವ ನಮೂನಿ ಪೂಲೋ ಮಲ್ಲಣ್ಣಾ, ನೀರ ಮ್ಯಾಲ ಐತಿ, ಪೂಲ್ ಕೆಳಗ ಐತಿ?"

ಆಲಮಟ್ಟಿ ಹಿನ್ನೀರಿಗೆ ಮನಿ ಮುಳುಗಿದ ಬಾಗಲಕೋಟಿ ಮಂದಿಗೆ ಕಟ್ಟಿದ ಈ ನವನಗರದಾಗ ಈಗ ಎರಡ್ಮೂರು ವರ್ಷದಿಂದ ಇದೊಂದು ಗೀಳು ಹತ್ತೈತಿ ನೋಡ್ರಿ. ಮೊದಲ ಯಾರರ ಹೊಸಾ ಮನಿ ಕಟ್ಟಿದ್ರ ದೇವರ ಖೋಲಿ ಯಾವ ಕಡೆ ಅಂತ ಕೇಳ್ತಿದ್ರು. ಈಗ ಪೂಲ್ ಯಾವ ಕಡೆ ಅಂತಾರ. ಮನಿ ಮಂದಿಗೆ ಈಸಾಕ ಬರಬೇಕಂತಿಲ್ಲ, ಇಳೀಬೇಕಂತೂ ಇಲ್ಲ. ನೀಲಿ ಟೈಲ್ಸ್ ಇರಬೇಕು, ರಾತ್ರಿ ನೀರಾಗ ಲೈಟ್ ಹತ್ತಬೇಕು, ದಂಡಿಗೆ ಎರಡು ಮಲಗೂ ಕುರ್ಚಿ ಇರಬೇಕು. ಆ ಕುರ್ಚಿ ಮ್ಯಾಲ ಮೇ ತಿಂಗಳ ಮಧ್ಯಾಹ್ನ ಐದು ನಿಮಿಷ ಮಲಗಿದ್ರ ಹಪ್ಪಳ ಸುಟ್ಟಂಗ ಸುಡ್ತೈತಿ. ಅದರ ಮ್ಯಾಲ ಈಗ ಕಾಕೂ ಖರೇನ ಹಪ್ಪಳಾ ಒಣಹಾಕತಾಳ, ಅದೊಂದ ಉಪಯೋಗ.

ಕಾಕಾನ ಹೊಂಡಕ್ಕ ಇನ್ನೊಂದು ವಿಶೇಷ ಇತ್ತು. ಎಲ್ಲಾರೂ ಗೋಡಂಬಿ ಆಕಾರದಾಗ ಮಾಡಸ್ತಾರ, ಇಳ್ಯಾಕ ಒಂದು ಸ್ಟೀಲ್ ನಿಚ್ಚಣಕಿ ಹಚ್ಚತಾರ. ಕಾಕಾ ಮಾತ್ರ ಹಟಾ ಹಿಡದು ಚೌಕಾ ಮಾಡಿಸಿದ. 24 ಫೂಟು ಉದ್ದ, 12 ಫೂಟು ಅಗಲ, ಒಂದ್ ಮೂಲ್ಯಾಗ ಏಳು ಪಾವಟಿಗಿ. ಪಾವಟಿಗಿ ಕಟ್ಟಿದ್ರ ಜಾಗಾ ಹಾಳ ಅಂತ ಬೆಳಗಾವಿಯಂವ ತಲಿ ಚಚ್ಚಿಕೊಂಡ. ಕಾಕಾ ಕೇಳಲಿಲ್ಲ. ಅಡತಿ ಅಂಗಡ್ಯಾಗ ನಲವತ್ತು ವರ್ಷ ಮೆಣಸಿನಕಾಯಿ ಚೀಲದ ಮ್ಯಾಲ ಕುಂತ ಮನಷ್ಯಾ ಅಂವ, ಯಾರ ಮಾತ ಕೇಳ್ತಾನ?

ಹೊಂಡ ಖಾಲಿ ಆಗಿದ್ದ ಕಥಿ ಎಲ್ಲಾರಿಗೂ ಗೊತ್ತೈತಿ. ನಮ್ಮೂರ ಹೋಳಿ ಅಂದ್ರ ಸಣ್ಣ ಮಾತಲ್ಲ. ಹಲಗಿ ಸಪ್ಪಳಕ್ಕ ಕಿಲ್ಲಾದಿಂದ ವೆಂಕಟಪೇಟಿ ತನಕ ಓಣಿ ಓಣಿ ನಡಗತಾವು, ಬ್ಯಾರಲ್‌ಗಟ್ಟಲೆ ಬಣ್ಣಾ ಗಾಡಿ ಮ್ಯಾಲ ಹೇರಿಕೊಂಡು ಬರ್ತಾರ. ಕಡೀ ದಿನ ಕಾಕಾನ ಅಣ್ಣನ ಮಗಾ ವಿನ್ಯಾ ಹನ್ನೆರಡು ಮಂದಿ ದೋಸ್ತರ್ನ ಕರ್ಕೊಂಡು ಬಂದ, "ಕಾಕಾ, ಬಣ್ಣಾ ತೊಳಕೋತೀವಿ," ಅಂದ, ಹನ್ನೆರಡೂ ಮಂದಿ ಹೊಂಡದಾಗ ಜಿಗದ್ರು. ಕೆಂಪು, ಹಸರು, ಬೆಳ್ಳಿ ವಾರ್ನಿಶು. ಕಾಕೂ ಹೊರಗ ಬಂದು ನೋಡಿ, "ಯಾವ ಗುಡಿ ಪುಷ್ಕರಣಿಯೋ ಇದು, ಇಷ್ಟು ಮಂದಿ ಪಾಪಾ ಬಿಟ್ಟು ಹೋಗ್ಯಾರ," ಅಂದ್ಲು. ಮರುದಿನ ಪಂಪ್ ಹಚ್ಚಿ ಎಲ್ಲಾ ನೀರ ಹೊರಗ ಚೆಲ್ಲಿದ್ರು.

ಅಲ್ಲಿಂದ ಎರಡು ತಿಂಗಳ ಕಾಕಾಗ ನಿದ್ದಿ ಇಲ್ಲ. ಬೆಳಗಾವಿಯಂವ ಫೋನಿನ್ಯಾಗ, "ಪೂಲ್ ಭಾಳ ದಿವ್ಸ ಖಾಲಿ ಇಡಬ್ಯಾಡ್ರಿ, ಮ್ಯಾಲ ಏಳ್ತೈತಿ," ಅಂದುಬಿಟ್ಟಿದ್ದ.

"ಏಳ್ತೈತಿ ಅಂದ್ರ? ದೆವ್ವಾ ಏನು?" ಅಂದಿದ್ದ ಬಸ್ಯಾ.

ಅವತ್ತ ಮಾಸ್ತರ್ ಹೇಳಿ ತಿಳಿಸಿದ್ರು. ಖಾಲಿ ಕೊಡಾ ತಗೊಂಡು ಹೌದಿನ್ಯಾಗ ಒತ್ತಿ ಹಿಡಿ, ಕೈ ಬಿಟ್ಟ ಕೂಡ್ಲೆ ಪುಟದು ಮ್ಯಾಲ ಬರ್ತೈತಲಾ, ಹಂಗ. ಹೊಂಡದ ಸುತ್ತ ಮಣ್ಣಾಗ ಅಂತರ್ಜಲ ಮ್ಯಾಲ ಇದ್ರ ಖಾಲಿ ಹೊಂಡಾನ ಅದು ಕೆಳಗಿಂದ ಎತ್ತತೈತಿ. ಟೈಲ್ಸ್ ಸೀಳಿ ಇಡೀ ತೊಟ್ಟಿ ದೋಣಿಹಂಗ ಮ್ಯಾಲ ಬರ್ತೈತಿ. ಅದಕ್ಕ ತಳದಾಗ ಒಂದು ವಾಲ್ವ್ ಇಟ್ಟಿರ್ತಾರ, ಹೊರಗಿನ ನೀರಿನ ಒತ್ತಡ ಹೆಚ್ಚಾದ್ರ ಅದು ತಗದು ನೀರ ಒಳಗ ಬಿಡ್ತೈತಿ. ಬ್ಯಾಸಗ್ಯಾಗ ನಮ್ಮ ನೆಲದಾಗ ಅಂಥಾ ನೀರ ಎಲ್ಲಿ ಬರಬೇಕು, ಹೆದರಬ್ಯಾಡ ಅಂದ್ರು.

ಕಾಕಾ ಕೇಳಲಿಲ್ಲ. ರಾತ್ರಿ ಎದ್ದು ಬ್ಯಾಟ್ರಿ ಹಿಡ್ಕೊಂಡು ಹೊಂಡದ ದಂಡಿ ಅಳೀತಿದ್ದ. ನಾ ಒಂದ್ ದಿನ ಅಂದ್ನಿ, "ಊರಿಗೆ ಊರ ಮುಳುಗೈತಿ ಕಾಕಾ. ನಿಂದೊಂದರ ತೇಲ್ಲಿ ಬಿಡು." ಎಲ್ಲಾರೂ ನಕ್ರು. ಕಾಕಾ ನಗಲಿಲ್ಲ. ಆಗ ನನಗ ಅದು ತಿಳೀಲಿಲ್ಲ.

ಇರ್ಲಿ, ಗಡಸುತನಕ್ಕ ಬರೂಣು.

"ಲ್ಯಾಬಿನವ ಕೇಳಿದ, ಎಲ್ಲಿ ನೀರಿದು ಅಂತ," ಅಂದ ಕಾಕಾ. "ಬಾಗಲಕೋಟಿ ಅಂದೆ. ಹಂಗಾರ ಸರಿ ಐತಿ ಅಂದ."

"ಮತ್ತ? ನಮ್ಮ ಕಾಲ ಕೆಳಗ ಇರೂದ ಸುಣ್ಣದಕಲ್ಲು," ಅಂದ್ರು ಮಾಸ್ತರ್. "ಸಿಮೆಂಟ್ ಫ್ಯಾಕ್ಟ್ರಿ ಸುಮ್ನ ಬಂದಾವೇನು ಇಲ್ಲಿ? ನೀರು ಆ ಕಲ್ಲು ನೆಕ್ಕೋತ ಬರ್ತೈತಿ."

"ಪಿಎಚ್, ಅಂದ್ರ ನೀರಿನ ಹುಳಿ-ಕ್ಷಾರದ ಅಳತಿ, 7.2ರಿಂದ 7.6ರೊಳಗ ಇರಬೇಕಂತ. ದಶಾಂಶದ ಲೆಕ್ಕಾ ನೋಡ್ರಿ, ಒಂದ ಅಂಕಿ ಆಕಡೆ ಈಕಡೆ ಆಗಬಾರ್ದಂತ. ನಮಗ ಇದೆಲ್ಲಾ ಹೊಸಾದಲಾ..."

"ಎದರ ಹೊಸಾದು?" ಅಂದ್ನಿ. "519.60 ಅಂದ್ರೇನು?"

"ಆಲಮಟ್ಟಿ ಡ್ಯಾಮ್ ತುಂಬಿದಾಗಿನ ಲೆವೆಲ್ಲು, ಮೀಟರಿನ್ಯಾಗ," ಅಂದ್ರು ನಾಲ್ಕೂ ಮಂದಿ. ಚಹಾ ಸೋಸವನೂ ಅಂದ.

"524.256?"

"ಎತ್ತರಸಿದ್ರ ಬರೂ ಲೆವೆಲ್ಲು."

"ನೋಡು. ದೇಶದಾಗ ಯಾವ ಊರ ಚಹಾದಂಗಡಿಯವ ನೀರಿನ ಲೆಕ್ಕಾ ಪಾಯಿಂಟ್ ಆದ ಮ್ಯಾಲ ಮೂರ ಅಂಕಿ ತನಕ ಹೇಳ್ತಾನ? ನಮಗ ಪಿಎಚ್ ಕಲಸಾಕ ಬೆಳಗಾವಿಯಂವ ಬರಬೇಕೇನು?"

---

ತುಂಬಸೂ ದಿನಾ ನಾವೂ ಹೋದ್ವಿ. ಕರದಿದ್ದಿಲ್ಲ. ನೀರಿನ ಟ್ಯಾಂಕರ್ ಬಂದಲ್ಲಿ ಬಾಗಲಕೋಟಿ ಮಂದಿನ್ನ ಯಾರೂ ಕರ್ಯೂದಿಲ್ಲ, ತಾವ ಬರ್ತಾರ.

ಮಾಸ್ತರ್ ಗ್ವಾಡಿ ಮ್ಯಾಲ ಇದ್ದಲೀಲೆ ಲೆಕ್ಕಾ ಮಾಡಿದ್ರು. ಒಂದ್ ಕಡೆ ಮೂರೂವರಿ ಫೂಟು, ಇನ್ನೊಂದ್ ಕಡೆ ಐದೂವರಿ, ಸರಾಸರಿ ನಾಲ್ಕೂವರಿ. 24, 12, ನಾಲ್ಕೂವರಿ ಗುಣಿಸಿದ್ರ 1,296 ಘನ ಫೂಟು. ಒಂದ್ ಘನ ಫೂಟಿಗೆ 28 ಲೀಟರ್ ಮ್ಯಾಲ. ಅಂದ್ರ ಹತ್ರಹತ್ರ 36,700 ಲೀಟರ್. 5,000 ಲೀಟರಿನ ಟ್ಯಾಂಕರ್ ಏಳು ಪೂರ್ತಿ, ಎಂಟನೇದರಾಗ ಮೂರನೇ ಒಂದ್ ಪಾಲು.

"ಕೊಡದ ಲೆಕ್ಕದಾಗ ಹೇಳ್ರಿ ಮಾಸ್ತರ್ರ," ಅಂದ್ಲು ನೀಲವ್ವ ಕಾಕೂ.

"ಹದಿನೈದು ಲೀಟರಿನ ಕೊಡಾ ಅಂದ್ರ... ಎರಡು ಸಾವಿರದ ನಾಕನೂರರ ಮ್ಯಾಲ."

ಕಾಕೂ ಸ್ವಲ್ಪ ಹೊತ್ತು ಸುಮ್ನ ನಿಂತ್ಲು. "ನಾಕ ಕೊಡಾ ನೀರಿನ ಸಲುವಾಗಿ ನಳದ ಮುಂದ ಮಾಲವ್ವನ ಜೋಡಿ ಎಂಟು ವರ್ಷ ಮಾತು ಬಿಟ್ಟಿದ್ನಿ," ಅಂದು ಒಳಗ ಹೋದ್ಲು.

ಬೆಳಗಾವಿಯಂವ ಫೋನಿನ್ಯಾಗ ಹುಕುಂ ಕೊಡ್ತಿದ್ದ. ನೀರ ಒಮ್ಮಿ ಬಿಟ್ರ ನಡಬರಕ ನಿಲ್ಲಿಸಬಾರ್ದು, ನಿಂತ್ರ ಗ್ವಾಡಿಗೆ ಗೆರಿ ಬೀಳ್ತೈತಿ. ಪೈಪಿನ ಬಾಯಿಗೆ ಅರಿವಿ ಸುತ್ತಬೇಕು, ಇಲ್ಲಾಂದ್ರ ನೀರಿನ ಹೊಡತಕ್ಕ ತಳಕ್ಕ ಪೆಟ್ಟ ಬೀಳ್ತೈತಿ. ಕಾಕಾ ತನ್ನ ಹಳೇ ಧೋತರ ಹರದು ಸುತ್ತಿದ. ಮೂರನೇ ಟ್ಯಾಂಕರ್ ಖಾಲಿ ಆಗೂದ್ರಾಗ ನಾಕನೇದು ಬಂದು ಹಿಂದ ನಿಂತಿರಬೇಕಿತ್ತು. ಆ ಡ್ರೈವರ್ ಊಟಕ್ಕ ಹೋಗಿದ್ದ. ಕಾಕಾ ಫೋನ್ ಹಚ್ಚಿ, "ತಮ್ಮಾ, ಪುಣ್ಯಾ ಬರ್ತೈತಿ, ರೊಟ್ಟಿ ಕೈಯಾಗ ಹಿಡ್ಕೊಂಡ ಬಾರೋ, ಗೆರಿ ಬೀಳ್ತೈತಂತ," ಅಂತ ಗೋಗರದ.

"ಬೀಳ್ಲಿ ಬಿಡು," ಅಂದ್ನಿ. "ಇಲ್ಲಿ ತನಕ ಮುಳುಗಡೆ ಅಂತ ಒಂದ್ ಬೋರ್ಡ್ ಹಚ್ಚಿದ್ರಾತು. ಪರಿಹಾರನೂ ಬಂದ್ರ ಬಂತು."

ನೀರು ಪೂರಾ ದಂಡಿ ತನಕ ತುಂಬಂಗಿಲ್ಲ. ಗ್ವಾಡ್ಯಾಗ ಒಂದು ಚೌಕಾ ಬಾಯಿ ಇರ್ತೈತಿ, ಸ್ಕಿಮ್ಮರ್ ಅಂತಾರ, ಮ್ಯಾಲ ತೇಲೂ ಎಲಿ, ಹುಳಾ, ಕೂದಲಾ ಎಲ್ಲಾ ಅದ ಎಳಕೊಳ್ಳೂದು. ಅದರ ಅರ್ಧಕ್ಕ ನೀರ ಬಂದ್ರ ಸಾಕು. ಬಂತು. ಈಗ ಪಂಪ್ ಚಾಲೂ ಮಾಡಬೇಕು.

ಇಮಾಮಸಾಬ್ ಮಾಮಾ ನಲವತ್ತು ವರ್ಷದಿಂದ ಮೋಟರ್ ವೈಂಡಿಂಗ್ ಮಾಡವ. ಬೆಳಗಾವಿಯಂವ ಫೋನಿನ್ಯಾಗ ಸಾವಕಾಶ ಬಿಡಿಸಿ ಹೇಳಾಕ ಹತ್ತಿದ್ದ: ಪಂಪ್ ಒಣಾ ತಿರಗಸಬ್ಯಾಡ್ರಿ, ಸೀಲ್ ಸುಡ್ತೈತಿ, ಮೊದಲ ಜಾಳಿಗಿ ಡಬ್ಬ್ಯಾಗ ನೀರ ತುಂಬ್ರಿ, ಮುಚ್ಚಳಾ ಬಿಗಿರಿ, ಫಿಲ್ಟರಿನ ತಲಿ ಮ್ಯಾಲಿನ ಗಾಳಿ ವಾಲ್ವ್ ತಗೀರಿ, ಅಲ್ಲಿಂದ ನೀರ ಚಿಮ್ಮೂತನಕ ಬಿಟ್ಟು ಬಂದ್ ಮಾಡ್ರಿ.

"ಏರ್ ತಗ್ಯೂದಲಾ?" ಅಂದ ಮಾಮಾ. "ಅದಕ್ಕಿಷ್ಟ್ ಇಂಗ್ಲಿಷ್ ಯಾಕ? ಹೊಲದ ಪಂಪ್ ನೀರ ಹಿಡೀಲಿಲ್ಲಂದ್ರ ಸಗಣಿ ರಾಡಿ ಕಲಿಸಿ ಹೊಯ್ತಿದ್ವಿ, ಫುಟ್‌ವಾಲ್ ಸೋರೂದು ಬಂದಾಗಿ ಭರ್ರಂತ ಹಿಡೀತಿತ್ತು. ಮಲ್ಲಣ್ಣಾ, ಸಗಣಿ ಐತೇನು?"

ಫೋನಿನ್ಯಾಗ ಬೆಳಗಾವಿಯಂವ ಉಸರ ಬಿಡಲಾರದಂಗ ಆತು.

ಸಗಣಿ ಇಲ್ದನ ಪಂಪ್ ಹಿಡೀತು. ಫಿಲ್ಟರ್ ಅಂದ್ರ ಒಂದು ದೊಡ್ಡ ಗುಂಡಾನ ಹಂಡೆ, ಒಳಗ ಉಸುಕು, ತಲಿ ಮ್ಯಾಲ ಒಂದು ಹಿಡಕಿ. ಹಿಡಕಿ ತಿರುವಿದ್ರ ನೀರು ಒಮ್ಮಿ ಉಸುಕಿನ್ಯಾಗ ಹಾದು ಹೊಂಡಕ್ಕ ಹೋಗ್ತೈತಿ, ಒಮ್ಮಿ ಉಲ್ಟಾ ಹರದು ಉಸುಕು ತೊಳದು ಹೊರಗ ಬೀಳ್ತೈತಿ. ಪಂಪ್ ಬಂದ್ ಮಾಡಿನ ಹಿಡಕಿ ತಿರುವಬೇಕು. ಬಾಜೂಕ ಒಂದು ಮೀಟರು.

"ಇದನ್ನ ದಿನಾ ನೋಡಿ ಬರದಿಡಬೇಕು," ಅಂದ ಕಾಕಾ. "ಫಿಲ್ಟರ್ ಸ್ವಚ್ಛ ಇದ್ದಾಗ 12 ತೋರಿಸಿದ್ರ, 20-22 ಆದಾಗ ತೊಳೀಬೇಕಂತ."

"ಹಂಗಾರ ಇದಕ್ಕ ಬಿಪೀನೂ ಐತಿ," ಅಂದ ಬಸ್ಯಾ.

"ಗುಳಗಿ ಚಾಲೂ ಮಾಡ್ರಿ," ಅಂದ್ನಿ, "ಒಮ್ಮಿ ಚಾಲೂ ಮಾಡಿದ್ರ ಜಲ್ಮಾಪೂರ್ತಿ ಬಿಡಂಗಿಲ್ಲ."

ಅಷ್ಟೊತ್ತಿಗೆ ಕಾಕೂ ಮೊರಾ ಹಿಡ್ಕೊಂಡು ಬಂದ್ಲು. ಆಲಮಟ್ಟಿ ತುಂಬಿದಾಗ ಮುಖ್ಯಮಂತ್ರಿ ಬಂದು ಬಾಗಿನಾ ಕೊಡೂದಿಲ್ಲೇನು? ಮನಿ ಅಂಗಳದಾಗ ಗಂಗವ್ವ ಬಂದಾಳ, ಬರೀಗೈಲೆ ಕೂಡಸಾಕ ಬರ್ತೈತೇನು? ಅರಿಷಿಣ, ಕುಂಕುಮ, ಹಸರು ಬಳಿ, ಚೆಂಡುಹೂವು, ಗುಳೇದಗುಡ್ಡದ ಕುಬಸದ ಕಣ ಒಂದು. ಆರತಿ ಮಾಡಿದ್ಲು, ಸೋಬಾನ ಪದಾ ಒಂದ್ ನುಡಿ ಹಾಡಿದ್ಲು, ಮೊರಾನ ನೀರ ಮ್ಯಾಲ ತೇಲಿಬಿಟ್ಲು. ಕಾಕಾ ಬಾಯಿ ತಗಿಯೂದ್ರಾಗ ಮೊರಾ ವಾಲಿ ಎಲ್ಲಾ ನೀರಪಾಲಾತು.

ಎಲ್ಲಾರೂ ಕೈ ಮುಗಿದು ನಿಂತ್ವಿ. ಕಣ ನೀರ ಮ್ಯಾಲ ಬಿಚ್ಚಿಕೊಂತು, ಕೆಂಪು ಅಂಚು ಹೊಳೀತು, ಸಾವಕಾಶ ಆ ಚೌಕಾ ಬಾಯಿ ಕಡೆ ಹೊಂಟ್ತು, ಬಾಯಿ ಹತ್ರ ಒಂದ್ ಸುತ್ತ ತಿರಗಿತು, ಸಳ್ಳಂತ ಒಳಗ ಹೋತು.

"ಒಪ್ಪಿಕೊಂಡ್ಲು! ಗಂಗವ್ವ ಒಪ್ಪಿಕೊಂಡ್ಲು!" ಅಂದ್ಲು ಕಾಕೂ. ಕಣ್ಣಾಗ ನೀರ ಬಂದಿತ್ತು.

ಅದರ ಹಿಂದ ಚೆಂಡುಹೂವೂ ಹೋದ್ವು. ಪಂಪ್ ಒಮ್ಮಿ ಕೆಮ್ಮಿತು. ಗೊರಗೊರ ಅಂತು. ಮೀಟರಿನ ಮುಳ್ಳು 12ರಿಂದ ಸರ್ರಂತ ಸೊನ್ನಿಗೆ ಬಿತ್ತು.

"ಬಿಪಿ ಲೋ ಆತು!" ಅಂತ ಒದರಿದ ಬಸ್ಯಾ.

ಇಮಾಮಸಾಬ್ ಮಾಮಾ ಓಡಿ ಹೋಗಿ ಸ್ವಿಚ್ ತಗದು, ಮೊಳಕೈ ತನಕ ಕೈ ಹಾಕಿ, ಗಂಗವ್ವನ ಬಾಯಾಗಿಂದ ಕುಬಸದ ಕಣ ಎಳದು ತಗದ. ಹಿಂಡಿದ, ಝಾಡಿಸಿದ, ಮರ್ಯಾದಿಲೆ ಕಾಕೂನ ಕೈಯಾಗ ಕೊಟ್ಟ. "ಅಳತಿ ಕೂಡಲಿಲ್ಲಂತ್ರಿ ಅಕ್ಕಾ, ವಾಪಸ್ ಕೊಟ್ಲು," ಅಂದ.

---

ಮರುದಿನ ಮುಂಜಾನೆ ಆರಕ್ಕ ಕಾಕಾನ ಫೋನು. "ಲಗೂನ ಬಾ."

ಹೋಗಿ ನೋಡಿದ್ರ, ಹೊಂಡದ ತುಂಬ ಮಜ್ಜಿಗಿ.

ಸುಳ್ಳಲ್ರಿ. ರಾತ್ರಿ ತಳದ ಟೈಲ್ಸ್ ಎಣಸಾಕ ಬರ್ತಿತ್ತು, ಮುಂಜಾನೆ ಮೊದಲನೇ ಪಾವಟಿಗಿ ಸೈತ ಕಾಣವಲ್ದು. ಬೆಳ್ಳಗ, ಮಂದಗ, ಒಗ್ಗರಣಿ ಒಂದ ಕಡಿಮಿ. ದಂಡಿ ಮ್ಯಾಲ ವಿನ್ಯಾ ತಲಿ ತಗ್ಗಿಸಿ ನಿಂತಿದ್ದ. ಅವನ ಬಾಜೂಕ ಖಾಲಿ ಚೀಲಾ.

ಆಗಿದ್ದೇನಂದ್ರ, ಹುಡುಗ ರಾತ್ರಿ ಮೊಬೈಲಿನ್ಯಾಗ ಒಂದು ವಿಡಿಯೋ ನೋಡ್ಯಾನ. ಅಮೇರಿಕಾದಂವ ಒಬ್ಬ, ತುಂಬಿದ ಮ್ಯಾಲ ಮೊದಲ ಕ್ಷಾರ ಸರಿ ಮಾಡ್ರಿ, 80ರಿಂದ 120ಕ್ಕ ತರ್ರಿ, ಅಡಿಗಿ ಸೋಡಾ ಹಾಕ್ರಿ ಅಂದಾನ. ಟೆಸ್ಟ್ ಮಾಡಿ, ಕಡಿಮಿ ಇದ್ರಷ್ಟ ಹಾಕ್ರಿ ಅಂತನೂ ಅಂದಿರಬೇಕು, ಅಷ್ಟೊತ್ತಿಗೆ ಇವ ಕಿರಾಣಿ ಅಂಗಡಿಗೆ ಹೋಗಿಬಿಟ್ಟಾನ. ಐದು ಕಿಲೋ ಸೋಡಾ ಕೇಳಿದ್ದಕ್ಕ ಅಂಗಡಿಯವ, "ಎಲ್ಲಿ ಹಾಕ್ತೀರಿ ಮಿರ್ಚಿ ಭಜಿ ಅಂಗಡಿ?" ಅಂತ ಕೇಳ್ಯಾನ.

"ಆ ವಿಡಿಯೋದವನ ತಪ್ಪಿಲ್ಲ," ಅಂದ್ರು ಮಾಸ್ತರ್. "ಮೆತ್ತನ ನೀರಿದ್ದ ಕಡೆ ಅದು ಖರೇ. ನಮ್ಮ ನೀರಾಗ ಸುಣ್ಣಾ ಮೊದಲ ತುಂಬಿ ತುಳುಕತೈತಿ. ಕ್ಷಾರನೂ ಹೆಚ್ಚೈತಿ. ಅದಕ್ಕ ಮತ್ತ ಸೋಡಾ ಹಾಕಿದ್ರ ಕರಗಿದ ಸುಣ್ಣಾ ಪುಡಿ ಆಗಿ ಹೊರಗ ಬರ್ತೈತಿ. ಸಾಲ್ಯಾಗ ನಾ ಫಳಿ ಮ್ಯಾಲ ಬರೀತಿದ್ದೆನಲಾ ಸೀಮಿಸುಣ್ಣಾ, ಹತ್ರಹತ್ರ ಅದು."

"ಕಾಕಾ, ಇದಕ್ಕ ಶುಗರ್ ಹೆಚ್ಚಾಗೈತಿ," ಅಂದ್ನಿ. "ಊಟಾ ಆದ ಮ್ಯಾಲಿಂದು. ಐದು ಕಿಲೋ ತಿಂದೈತಿ."

"ನಗಬ್ಯಾಡೋ ಶಂಕ್ರ್ಯಾ. ಏನ್ ಮಾಡೂದು ಹೇಳು."

"ಎರಡು ದಿನಾ ಸುಮ್ನ ಬಿಟ್ಟು ಸಿಮೆಂಟ್ ಫ್ಯಾಕ್ಟ್ರಿಗೆ ಮಾರು. ಚೀಲದ ಮ್ಯಾಲ ಕುಂದ್ರೂದು ನಿನಗ ಹೊಸಾದಲ್ಲ."

ಅಲ್ಲಿಂದ ಐದು ದಿನಾ ಹೊಂಡ ಐಸಿಯುದಾಗ ಇತ್ತು. ಬೆಳಗಾವಿಯಂವ ಫೋನಿನ್ಯಾಗ ಎರಡೆರಡು ಸಲ ಹೇಳಿದ, ಆಸಿಡ್ ಸ್ವಲ್ಪ ಸ್ವಲ್ಪ ಹಾಕ್ರಿ, ಬಕೇಟಿನ್ಯಾಗ ಮೊದಲ ನೀರ, ಆಮ್ಯಾಲ ಆಸಿಡ್. ಆಸಿಡ್ ಮ್ಯಾಲ ನೀರ ಹೊಯ್ದ್ರ ಮಾರಿಗೆ ಸಿಡೀತೈತಿ. ಪಂಪ್ ಹಗಲಿ ರಾತ್ರಿ ತಿರಗಿತು. ಮುಳ್ಳು 22ಕ್ಕ ಹೋದಾಗೊಮ್ಮೆ ಉಲ್ಟಾ ತೊಳೀತಿದ್ರು, ಗಟಾರದಾಗ ಹಾಲು ಹರದಂಗ ಹರೀತಿತ್ತು. ಬಾಜೂ ಮನಿಯಾಕಿ ಬಂದು, "ಅಭಿಷೇಕಾ ನಡದೈತೇನ್ರಿ?" ಅಂತ ಕೇಳಿ ಹೋದ್ಲು.

ಕಾಕಾ ಹೊಂಡದ ದಂಡಿಗೇ ಹಾಸಿಗಿ ಹಾಸಿದ. ಪಟ್ಟಿ ಅದ್ದಿ ಬಣ್ಣಾ ನೋಡೂ ಡಬ್ಬಿ ಒಂದು ತರಿಸಿದ್ದ. ಮುಂಜಾನೆ ಖಾಲಿ ಹೊಟ್ಟಿಗೊಮ್ಮಿ, ಮಧ್ಯಾಹ್ನಕ್ಕೊಮ್ಮಿ, ರಾತ್ರಿ ಮಲಗೂ ಮುಂದೊಮ್ಮಿ. ತಾರೀಖು ಹಾಕಿ ಹಳೇ ಅಡತಿ ಖಾತೇ ಪುಸ್ತಕದಾಗ ಬರೀತಿದ್ದ, ಒಂದ್ ಕಡೆ ಜಮಾ, ಒಂದ್ ಕಡೆ ಖರ್ಚು. ಅದರ ಬಾಜೂಕ ಡಾಕ್ಟರ್ ಕೊಟ್ಟ ಶುಗರ್ ಮಶೀನು ಡಬ್ಬಿ ಸೈತ ಬಿಚ್ಚಲಾರದಂಗ ಬಿದ್ದಿತ್ತು. ಕಾಕೂ ಒಂದ್ ದಿನ ತಡೀಲಾರದ ಅಂದ್ಲು, "ಆ ಪಟ್ಟಿ ಒಮ್ಮಿ ನಾಲಿಗಿ ಮ್ಯಾಲರ ಇಟ್ಕೋರಿ, ಏನ್ ಬಣ್ಣಾ ಬರ್ತೈತಿ ನೋಡೂಣು."

ಕ್ಲೋರಿನ್ ಸಂಜಿಕ ಹಾಕಬೇಕಂತ. ಬಿಸಲಿಗೆ ಅದು ಹಾರಿ ಹೋಗ್ತೈತಿ.

"ನಮ್ಮ ಮೇ ಬಿಸಲಿಗೆ ನಮ್ಮ ಜೀವಾನ ಹಾರಿ ಹೋಗ್ತಾವು," ಅಂದ್ನಿ. "ಕ್ಲೋರಿನ್ನಿಗೇನ್ ದೊಡ್ಡಸ್ತನಾ."

"ಅದಕ್ಕ ಒಂದು ಪೌಡರ್ ಬರ್ತೈತಂತ," ಅಂದ ಕಾಕಾ. "ಅದನ್ನ ಹಾಕಿದ್ರ ಕ್ಲೋರಿನ್ನಿಗೆ ಬಿಸಲ ಬಡ್ಯಂಗಿಲ್ಲ. ಕೊಡಿ ಹಿಡದಂಗ."

"ನೋಡಿದ್ಯಾ ಬಸ್ಯಾ. ನಿನಗ ಇಷ್ಟ್ ವರ್ಷದಾಗ ಯಾರರ ಕೊಡಿ ಹಿಡದಾರೇನು?"

ಆರನೇ ದಿನಾ ಸಂಜಿಕ ಕಾಕಾ ಬೆಂಚಿಗೆ ಬಂದ. ಮಾರಿ ಅರಳಿತ್ತು. ಪಟ್ಟಿ ಅಂಗಿ ಕಿಸೆದಾಗಿಂದ ತಗದು ತೋರಿಸಿದ. ಪಿಎಚ್ 7.4. ಕ್ಲೋರಿನ್ 2. ಕ್ಷಾರ 110. ಗಡಸುತನ ಇನ್ನೂ ಒಂದಿಷ್ಟು ಹೆಚ್ಚೈತಿ, ಅದು ನಮ್ಮ ಊರಿನ ಸ್ವಭಾವ, ನಡೀತೈತಿ ಅಂದಾನಂತ ಬೆಳಗಾವಿಯಂವ.

"ಅಂದ್ರ ಹೊಂಡಕ್ಕ ಶುಗರ್ ಇಲ್ಲಂತ?" ಅಂದ ಬಸ್ಯಾ.

"ಇಲ್ಲ! ತಳದಾಗ ಸೂಜಿ ಬಿದ್ರೂ ಕಾಣ್ತೈತಿ. ವಾಸನೀನೂ ಇಲ್ಲ."

"ಕ್ಲೋರಿನ್ ಹಾಕಿದ್ರೂ ವಾಸನಿ ಇಲ್ಲ?"

"ಹೊಂಡದಾಗ ಮೂಗಿಗೆ ಘಾಟು ಬಡ್ಯೂದು ಬರೇ ಕ್ಲೋರಿನ್ನಿಂದಲ್ಲೋ," ಅಂದ್ರು ಮಾಸ್ತರ್. "ಮಂದಿ ಬೆವರು, ಮೂತ್ರಾ ಅದರ ಜೋಡಿ ಕೂಡಿದಾಗ ಆ ಘಾಟು ಬರ್ತೈತಿ."

"ಹಂಗಾರ ಕಾಕಾನ ಹೊಂಡಕ್ಕ ಯಾವತ್ತೂ ಬರಂಗಿಲ್ಲ," ಅಂದ್ನಿ. "ಒಬ್ರರ ಇಳದ್ರಲಾ."

---

ಇಳದ್ರು. ಬೆಂಗಳೂರಿನಿಂದ ಮಗಾ, ಸೊಸಿ, ಎರಡು ಮೊಮ್ಮಕ್ಕಳು ಬಂದ್ರು. ಮಕ್ಕಳು ಸೊಂಟಕ್ಕ ಬಾತುಕೋಳಿ ಟ್ಯೂಬ್ ಹಾಕ್ಕೊಂಡು ಇಪ್ಪತ್ತು ನಿಮಿಷ ತೇಲಿದ್ವು, ಸೊಸಿ ಫೋಟೋ ತಗದ್ಲು, ಬಿಸಲ ಹತ್ತೈತಿ ಅಂತ ಎಲ್ಲಾರೂ ಎಸಿ ಖೋಲ್ಯಾಗ ಹೋಗಿ ಬಾಗಲಾ ಹಾಕ್ಕೊಂಡ್ರು. ಮುಗೀತು ಕಥಿ. 36,700 ಲೀಟರು, ಎಂಟು ಟ್ಯಾಂಕರು, ಇಪ್ಪತ್ತು ನಿಮಿಷ.

ಸಂಜಿಕ ನಾವು ಐದೂ ಮಂದಿ ದಂಡಿ ಮ್ಯಾಲ ಕಾಲ ಇಳಿಬಿಟ್ಟು ಕುಂತ್ವಿ. ಕಾಕೂ ಚುರಮರಿ ಕೊಟ್ಟಿದ್ಲು. ನೀರು ಸುಮ್ನ ಇತ್ತು. ಇಷ್ಟು ಸ್ವಚ್ಛ ನೀರ ನೋಡಿದ್ರ ನನಗ ಯಾಕೋ ಹೆದರಿಕಿ ಬರ್ತೈತಿ. ಒಂದ್ ಮೀನಿಲ್ಲ, ಒಂದ್ ಕಪ್ಪಿಲ್ಲ, ಒಂದ್ ಎಲಿ ಇಲ್ಲ.

"ಇಳೀರಿ ಯಾರರ," ಅಂದ ಕಾಕಾ.

ಬಸ್ಯಾಗ ಈಸಾಕ ಬರಂಗಿಲ್ಲ. ಅಂವ ನವನಗರದಾಗ ಹುಟ್ಟಿದಂವ, ಅಂವಗ ಬಾವೀನ ಸಿಗಲಿಲ್ಲ. ಮಾಮಾಗ ಮೊಳಕಾಲ ಬ್ಯಾನಿ. ನಾ ನೆವಾ ಹುಡುಕಾಕ ಹತ್ತಿದ್ನಿ. ಅಷ್ಟ್ರಾಗ ಮಾಸ್ತರ್ ಎದ್ದು, ಧೋತರ ಕಚ್ಚಿ ಮ್ಯಾಲ ಕಟ್ಟಿ, ಮೂಲ್ಯಾಗಿನ ಪಾವಟಿಗಿ ಇಳ್ಯಾಕ ಹತ್ತಿದ್ರು. ಒಂದು. ಎರಡು. ಮೂರು. ನಾಕನೇದಕ್ಕ ಕಾಲಿಟ್ಟು ನಿಂತುಬಿಟ್ರು. ಬಗ್ಗಿ ನೀರಾಗ ಕೈ ಹಾಕಿ ತಡವಿ ನೋಡಿದ್ರು.

"ಮಲ್ಲಣ್ಣಾ."

"ಹೂಂ."

"ಈ ನಾಕನೇದು ತಟಗ ಅಗಲ ಐತಲ್ಲೋ."

"ಹೂಂ."

"ಏಳ ಪಾವಟಿಗಿ. ನಾಕನೇದು ಅಗಲ." ಮಾಸ್ತರ್ ತಿರುಗಿ ಅವನ ಮಾರಿ ನೋಡಿದ್ರು. "ನಿಮ್ಮ ಹಿತ್ತಲ ಬಾವೀದಲ್ಲೋ ಇದು."

ಕಾಕಾ ಚುರಮರ್ಯಾಗಿನ ಶೇಂಗಾ ಆರಿಸಾಕ ಹತ್ತಿದ. "ಅಲ್ಲಿ ಅವ್ವ ಕುಂತು ಅರಿವಿ ಒಗೀತಿದ್ಲು," ಅಂದ.

ನನ್ನ ಬಾಯಾಗ ಒಂದ್ ಮಾತ ಇತ್ತು. ಛಲೋ ಮಾತು. ನುಂಗಿದ್ನಿ.

ಆಮ್ಯಾಲ ಮಾಸ್ತರ್ ನೀರಾಗ ನಿಂತ ಶುರು ಮಾಡಿದ್ರು. ಆ ಬಾವ್ಯಾಗ ಇಡೀ ಓಣಿ ಹುಡುಗ್ರು ಈಸಬಿದ್ದಿದ್ರು. ಬೆನ್ನಿಗೆ ಮುಚ್ಚಳಾ ಬೆಸದ ಎಣ್ಣಿ ಡಬ್ಬಿ ಕಟ್ಟತಿದ್ರು; ಮೂರನೇ ದಿನಕ್ಕ ಯಾರೋ ಹಿಂದಿನಿಂದ ಹಗ್ಗಾ ಬಿಚ್ಚಿ ನೂಕತಿದ್ರು. ಮುಳುಗಿದ್ರ ಮುಳುಗಿದಿ, ತೇಲಿದ್ರ ಈಸಾಕ ಬಂತು. ಆಮಿ ಇತ್ತು ಒಂದು, ಗ್ವಾಡಿ ಸಂದ್ಯಾಗ ಪಾರಿವಾಳ. ಮಾಸ್ತರ್ ಮೊಳಕಾಲ ಮ್ಯಾಲ ಒಂದ್ ಕಲಿ ಐತಿ, ಅದು ಆ ಬಾವಿ ಕಲ್ಲಿಂದು. ಮುನಸಿಪಾಲ್ಟಿಯವ್ರು ಮಳಿಗಾಲದಾಗ ಒಮ್ಮಿ ಬಂದು ಬ್ಲೀಚಿಂಗ್ ಪೌಡರ್ ಒಂದ್ ಬೊಗಸಿ ಒಗದು ಹೋಗ್ತಿದ್ರು. ಅಷ್ಟ ಅದರ ಔಷಧಾ. ಪಿಎಚ್ ಯಾರೂ ಕೇಳಿದ್ದಿಲ್ಲ, ಬಿಪಿ ಯಾರೂ ನೋಡಿದ್ದಿಲ್ಲ.

"ಯಾರಿಗೂ ಏನೂ ಆಗ್ಲಿಲ್ಲೇನು?" ಅಂದ ಬಸ್ಯಾ.

"ಆತಲ್ಲೋ. ತುರಿಕಿ, ಕಿವಿ ಸೋರೂದು, ವಾಂತಿ ಭೇದಿ, ಎಲ್ಲಾ ಆತು," ಅಂದ್ರು ಮಾಸ್ತರ್. "ಬಾವಿಗೆ ಹೋಗೂದ ಬಿಡಲಿಲ್ಲ, ಅಷ್ಟ."

ನೋಟೀಸ್ ಬಂತು. ಅಳದ್ರು. ರೊಕ್ಕಾ ಕೊಟ್ರು. ಬಾಗಲಾ, ಕಿಡಕಿ, ತೊಲಿ ಎಲ್ಲಾ ಕಿತ್ತಿ ಟ್ರ್ಯಾಕ್ಟರ್ ಮ್ಯಾಲ ಹೇರಿಕೊಂಡು ಇಲ್ಲಿಗೆ ಬಂದ್ರು. ಬಾವಿ ಹೇರಾಕ ಬರ್ತೈತೇನು?

ಹೊತ್ತು ಮುಳುಗಿತು. ನೀರಾಗಿನ ಲೈಟ್ ತಾನಾಗೇ ಹತ್ತಿದ್ವು, ಮಾಸ್ತರ್ ಕಾಲು ನೀಲಿ ಆದ್ವು.

"ಬಸ್ಯಾ," ಅಂದ ಕಾಕಾ, "ಇವತ್ತ ಆಲಮಟ್ಟಿ ಎಷ್ಟೈತಿ ನೋಡು ಮೊಬೈಲಿನ್ಯಾಗ."

"508 ಚಿಲ್ಲರ."

"ಹಂಗಾರ ಕಂಡಿರಬೇಕು."

ಏನು ಅಂತ ಯಾರೂ ಕೇಳಲಿಲ್ಲ.

ಮರುದಿನ ಮುಂಜಾನೆ ಮಾಮಾನ ಟಂಟಂನ್ಯಾಗ ಹಳೇ ಊರಿಗೆ ಹೋದ್ವಿ. ಬ್ಯಾಸಗ್ಯಾಗ ಹಿನ್ನೀರು ಇಳದಾಗ ಅಲ್ಲಿ ಒಂದೊಂದ ಗ್ವಾಡಿ ತಲಿ ಎತ್ತತಾವು. ನೆಲಾ ಬಿರಕ ಬಿಟ್ಟಿತ್ತು, ಚಿಪ್ಪು ಬಿದ್ದಿದ್ವು, ಕೊಕ್ಕರೆ ತಿರಗತಿದ್ವು. ಕಾಕಾ ಯಾರನ್ನೂ ಕೇಳಲಾರದ ಸೀದಾ ನಡದ, ಎರಡು ಮುರುಕ ಗ್ವಾಡಿ ದಾಟಿದ, ಎಡಕ್ಕ ಹೊಳ್ಳಿದ, ನಿಂತ. ಹೂಳು ಕಂಠದ ತನಕ ತುಂಬಿತ್ತು. ಮ್ಯಾಲಿನ ಪಾವಟಿಗಿ ಎರಡ ಕಾಣ್ತಿದ್ವು, ಅದರ ಮಗ್ಗಲಕ ತಗ್ಗಿನ್ಯಾಗ ಒಂದ್ ಪರಾತ ತುಂಬೂವಷ್ಟು ನೀರು.

ಕಾಕಾ ಮೊಳಕಾಲ ಊರಿ ಕುಂತ. ಕಿಸೆದಾಗ ಕೈ ಹಾಕಿ ಡಬ್ಬಿ ತಗದ. ಒಂದ್ ಪಟ್ಟಿ ಎಳದ, ಆ ನೀರಾಗ ಅದ್ದಿದ, ಹದಿನೈದು ಎಣಿಸಿದ, ಎತ್ತಿ ಬಿಸಲಿಗೆ ಹಿಡದ.

"ಶಂಕ್ರ್ಯಾ, ಎಷ್ಟ್ ಬಂದೈತಿ ನೋಡೋ. ನನ್ನ ಚಸ್ಮಾ ಮನ್ಯಾಗ ಉಳೀತು."

ನಾ ಪಟ್ಟಿ ಇಸಗೊಂಡು ನೋಡಿದ್ನಿ. ರಾಡಿ ಹತ್ತಿತ್ತು, ಯಾವ ಬಣ್ಣಾನೂ ತಿಳೀಲಿಲ್ಲ.

"ನಾರ್ಮಲ್ ಐತಿ ಕಾಕಾ," ಅಂದ್ನಿ.

"ಗಡಸುತನಾ?"

"ಅದೂ ನಾರ್ಮಲ್."